ತಿಂಗಳ ಕಂತಿನ ಸಿಂಹಾಸನ

ಏಳು ಲಕ್ಷ ಸ್ಟಾರ್ ಪಗೋಡ ಎಂಬ ಚಿನ್ನದ ನಾಣ್ಯ: ಮೈಸೂರು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ಕೊಡಬೇಕಾದ ಪೊಗದಿ, ಅಂದರೆ ಕಪ್ಪ. ಪಗೋಡ ಒಂದಕ್ಕೆ ಮೂರೂವರೆ ರೂಪಾಯಿ ಹಿಡಿದರೆ 24,50,000 ರೂಪಾಯಿ. ಹನ್ನೆರಡು ಕಂತಿಗೆ ಹಂಚಿದರೆ ತಿಂಗಳಿಗೆ 2,04,166 ರೂಪಾಯಿ, ಹತ್ತಾಣೆ, ಎಂಟು ಪೈ. 1799ರ ಜುಲೈಯಿಂದ ಮೈಸೂರು ಅರಸರ ಬದುಕು ಈ ಲೆಕ್ಕದ ಮೇಲೆ ನಿಂತಿತು. ಚಿನ್ನದ ಅಂಬಾರಿ, ರತ್ನ ಸಿಂಹಾಸನ, ಇಪ್ಪತ್ತೊಂದು ಕುಶಾಲು ತೋಪು ಎಲ್ಲ ಕಣ್ಣಿಗೆ ಬೀಳುವಂಥವು. ಆದರೆ ಅರಸರ ಕೈ ಎಷ್ಟು ಉದ್ದ ಚಾಚಬಲ್ಲದು ಎಂದು ತಿಳಿಯಬೇಕಾದರೆ ದರ್ಬಾರು ಹಾಲಿನಲ್ಲಿ ನಿಂತು ಪ್ರಯೋಜನವಿಲ್ಲ. ಖಜಾನೆಯ ಲೆಕ್ಕದ ಪುಸ್ತಕವನ್ನೂ ಕರಾರು ಪತ್ರದ ಕಲಮುಗಳನ್ನೂ ಬಿಚ್ಚಿ ನೋಡಬೇಕು.

ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಬಿದ್ದದ್ದು 1799ರ ಮೇ 4ರಂದು. ಜೂನ್ 30ಕ್ಕೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕ. ಅವರಿಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಜುಲೈ 8ಕ್ಕೆ ಒಪ್ಪಂದ. ರಾಜರ ಪರವಾಗಿ ಮುಂದೆ ನಿಂತವರು ರಾಣಿ ಲಕ್ಷ್ಮಮ್ಮಣ್ಣಿಯವರು ಮತ್ತು ದಿವಾನ್ ಪೂರ್ಣಯ್ಯನವರು. ಹೈದರನ ಕಾಲದಿಂದಲೂ ಕಂಪನಿಯವರೊಡನೆ ಗುಟ್ಟಾಗಿ ಮಾತುಕತೆ ನಡೆಸಿ ರಾಜ್ಯ ವಾಪಸು ಪಡೆದ ಹೆಂಗಸು ಒಬ್ಬರು, ಹೈದರ್ ಮತ್ತು ಟಿಪ್ಪು ಇಬ್ಬರ ಲೆಕ್ಕಪತ್ರವನ್ನೂ ನೋಡಿದ್ದ ಗಂಡಸು ಇನ್ನೊಬ್ಬರು. ಒಂದೇ ಕಾಗದದಲ್ಲಿ ಈ ಇಬ್ಬರ ಹೆಸರು ಒಟ್ಟಿಗೆ ಬಂದದ್ದೇ ಆ ವರ್ಷದ ದೊಡ್ಡ ವಿಚಿತ್ರ ಅನ್ನಬೇಕು.

ಒಪ್ಪಂದ ಓದಲು ಸರಳ. ಮೈಸೂರನ್ನು ಕಾಯಲು ಕಂಪನಿ ಸೈನ್ಯ ಇಡುತ್ತದೆ, ಖರ್ಚಿಗೆ ಮೈಸೂರು ವರ್ಷಕ್ಕೆ ಏಳು ಲಕ್ಷ ಪಗೋಡ ಪೊಗದಿ ಕೊಡುತ್ತದೆ. ಬೇರೆ ರಾಜರೊಡನೆ ಕಂಪನಿಗೆ ತಿಳಿಯದೆ ಪತ್ರ ವ್ಯವಹಾರ ಮಾಡಕೂಡದು. ಕಂಪನಿಯ ಒಪ್ಪಿಗೆಯಿಲ್ಲದೆ ಯೂರೋಪಿಯನ್ನರನ್ನು ಚಾಕರಿಗೆ ಇಟ್ಟುಕೊಳ್ಳಕೂಡದು. ಹಣಕಾಸು, ಕಂದಾಯ, ನ್ಯಾಯ, ವ್ಯಾಪಾರ ಯಾವುದರಲ್ಲೇ ಆಗಲಿ ಕಂಪನಿ ಕೊಡುವ ಸಲಹೆಗೆ ಸದಾ ಕಿವಿಗೊಡಬೇಕು. ‘ಸಲಹೆ’ ಎಂಬ ಮಾತನ್ನು ಗಮನಿಸಿ. ಮುಂದಿನ ನೂರೈವತ್ತು ವರ್ಷ ಈ ಒಂದು ಮಾತು ಅಪ್ಪಣೆಯ ಕೆಲಸವನ್ನೆಲ್ಲ ಮಾಡಿತು.

ನಿಜವಾದ ಕೊಕ್ಕೆ ಇದ್ದದ್ದು ನಾಲ್ಕನೆಯ ಕಲಮಿನಲ್ಲಿ. ಕಂತು ತಪ್ಪುವ ಭಯ ಕಂಪನಿಗೆ ಹುಟ್ಟಿದರೆ ಸಾಕು, ರಾಜ್ಯದ ಯಾವುದಾದರೂ ಭಾಗವನ್ನೋ ಭಾಗಗಳನ್ನೋ ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದು. ಕಂತು ತಪ್ಪಬೇಕೆಂದೇ ಇಲ್ಲ, ತಪ್ಪೀತು ಎಂದು ಅನ್ನಿಸಿದರೂ ಆಯಿತು. ಇದಕ್ಕೆ ಐದನೆಯ ಕಲಮಿನ ಸಮಾಧಾನ: ಹಾಗೇನಾದರೂ ಆದಲ್ಲಿ ರಾಜರಿಗೆ ವರ್ಷಕ್ಕೆ ಒಂದು ಲಕ್ಷ ಪಗೋಡ, ಜೊತೆಗೆ ನಿವ್ವಳ ಹುಟ್ಟುವಳಿಯ ಐದನೇ ಒಂದು ಪಾಲು ತಪ್ಪದೆ ಸಿಗುತ್ತದೆ. ಅರಸನನ್ನು ಕೆಲಸದಿಂದ ಬಿಡಿಸಿದರೆ ಎಷ್ಟು ಜೀವನಾಂಶ ಎನ್ನುವುದೂ ಪಟ್ಟ ಕಟ್ಟಿದ ವಾರದಲ್ಲೇ ಬರೆದು ಮುಗಿದಿತ್ತು.

ಪೂರ್ಣಯ್ಯನವರು ಇದ್ದಷ್ಟು ದಿನ ಈ ಕಲಮು ಮಲಗಿತ್ತು. 1807ರಲ್ಲಿ ಯುದ್ಧಕಾಲದ ಹೆಚ್ಚುವರಿ ಖರ್ಚಿನ ಬದಲು ನಾಲ್ಕು ಸಾವಿರ ಸಿಲ್ಲೇದಾರ್ ಕುದುರೆ ಸವಾರರನ್ನು ಮೈಸೂರೇ ಸದಾ ಸಾಕಬೇಕೆಂಬ ಹೊಸ ಕರಾರು ಸೇರಿಕೊಂಡಿತು. ಮೇಲೆ ನೋಡಿದರೆ ಇದೂ ಸಣ್ಣ ಬದಲಾವಣೆ. ಆದರೆ ಪೊಗದಿಯ ಮೇಲೆ ನಾಲ್ಕು ಸಾವಿರ ಕುದುರೆಯ ಹುರುಳಿ, ಹುಲ್ಲು, ಸವಾರರ ಸಂಬಳ ಎಂದರೆ ಮಳೆ ಕೈಕೊಟ್ಟ ವರ್ಷ ಏನಾಗುತ್ತದೆಂದು ಲೆಕ್ಕ ಬಲ್ಲವರಿಗೆ ಹೇಳಬೇಕಾಗಿಲ್ಲ.

ಮುಮ್ಮಡಿಯವರು ಸ್ವತಃ ಆಳತೊಡಗಿದ ಮೇಲೆ ಹಣ ಕೂಡಿಸಲು ಹಿಡಿದ ದಾರಿ ಶರತ್ತು ಪದ್ಧತಿ. ತಾಲ್ಲೂಕಿನ ಅಮಲ್ದಾರ ಇಷ್ಟು ಹಣ ತಂದುಕೊಡುತ್ತೇನೆಂದು ಶರತ್ತು ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನ ಕೈಯಿಂದ ಹೋಗುತ್ತದೆ. ಅವನು ತನ್ನ ಕೈಯಿಂದ ಯಾಕೆ ಕೊಟ್ಟಾನು? ರೈತನ ಕೈ ತಿರುಚುತ್ತಾನೆ. ಖಜಾನೆಗೆ ಹಣ ಖಾತ್ರಿಯಾಗುತ್ತದೆ, ಊರು ಹಾಳಾಗುತ್ತದೆ. 1830ರಲ್ಲಿ ನಗರ ಸೀಮೆಯ (ಇಂದಿನ ಶಿವಮೊಗ್ಗದ ಕಡೆಯ) ರೈತರು ಎದ್ದದ್ದು ಈ ಕಾರಣಕ್ಕೆ. ಬೂದಿ ಬಸಪ್ಪನಾಯಕ ತಾನೇ ಕೆಳದಿ ವಂಶದ ವಾರಸುದಾರನೆಂದು ಮುಂದೆ ಬಂದದ್ದು ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ನಾಲ್ಕನೆಯ ಕಲಮನ್ನು ಎಬ್ಬಿಸಿದ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಮುಮ್ಮಡಿಯವರ ಆಡಳಿತ ಸರಿಯಿರಲಿಲ್ಲ, ದುಂದು ಇತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಕಲಮು ಹೇಳಿದ್ದು ಪೊಗದಿಗೆ ಭದ್ರತೆಯಾಗುವಷ್ಟು ‘ಭಾಗ’ವನ್ನು ತೆಗೆದುಕೊಳ್ಳಬಹುದು ಎಂದು. ಬೆಂಟಿಂಕ್ ತೆಗೆದುಕೊಂಡದ್ದು ಇಡೀ ರಾಜ್ಯವನ್ನು. ತಾನು ಮಾಡಿದ್ದು ಕರಾರಿಗೆ ಸರಿಹೊಂದುತ್ತದೆಯೇ ಎಂಬ ಅನುಮಾನ ಅವನನ್ನೂ ಕಾಡಿತು, ಒಂದಷ್ಟು ಸೀಮೆಯನ್ನು ರಾಜರಿಗೆ ಮರಳಿಸೋಣವೆಂದು ಆಮೇಲೆ ಸೂಚಿಸಿಯೂ ಇದ್ದ. ಆಗಲಿಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳಲು ಒಂದು ಕಾಗದ ಸಾಕಾಯಿತು, ಕಿತ್ತುಕೊಂಡದ್ದನ್ನು ಕೊಡಲು ಐವತ್ತು ವರ್ಷ ಬೇಕಾಯಿತು.

ಈ ಐವತ್ತು ವರ್ಷದ ಮೊದಲ ಮೂವತ್ತೇಳನ್ನು ಮುಮ್ಮಡಿಯವರು ಮೈಸೂರಿನಲ್ಲೇ, ಅರಮನೆಯಲ್ಲೇ, ಅರಸರೆಂಬ ಹೆಸರಿನಲ್ಲೇ ಕಳೆದರು. ಕಚೇರಿಗಳೆಲ್ಲ ಬೆಂಗಳೂರಿಗೆ ಹೋದವು. ಇಂದು ಹೈಕೋರ್ಟು ಇರುವ ಕೆಂಪು ಕಟ್ಟಡಕ್ಕೆ ಅಠಾರಾ ಕಚೇರಿ ಎಂಬ ಹೆಸರು ಬಂದದ್ದು ಆ ಹದಿನೆಂಟು ಇಲಾಖೆಗಳಿಂದ. ರಾಜ್ಯವನ್ನು ನಡೆಸಿದವನು 1834ರಿಂದ 1861ರವರೆಗೆ ಕಮಿಷನರ್ ಮಾರ್ಕ್ ಕಬ್ಬನ್. ಅರಸರಿಗೆ ಉಳಿದದ್ದು ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ, ಐದನೇ ಒಂದು ಪಾಲು, ದಸರಾ, ದೇವರ ಸೇವೆ, ವಿದ್ವಾಂಸರು, ಕಲಾವಿದರು. ಅವರು ಹೊಸ ಹೊಸ ಎಲೆಯಾಟ, ಚದುರಂಗದ ಸಮಸ್ಯೆಗಳನ್ನು ಕಟ್ಟಿದ್ದು ಈ ಕಾಲದಲ್ಲಿ. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು, ಮುಟ್ಟಿದ ಮನೆಗೆ ಮತ್ತೆ ಕಾಲಿಡಬಾರದು. ಇಂಥ ನಡೆಗಳನ್ನು ಅವರು ಲೆಕ್ಕ ಹಾಕಿ ಬರೆಸಿಟ್ಟಿದ್ದಾರೆ. ಕೆಲಸವಿಲ್ಲದ ಅರಸನ ಹೊತ್ತು ಕಳೆಯುವ ಆಟ ಎಂದು ನಗುವವರಿದ್ದಾರೆ. ಅದೇ ಅರಸರು ಅದೇ ವರ್ಷಗಳಲ್ಲಿ ಕಲ್ಕತ್ತೆಗೂ ಲಂಡನ್ನಿಗೂ ಅರ್ಜಿಯ ಮೇಲೆ ಅರ್ಜಿ ಕಳಿಸುತ್ತಿದ್ದರು. ನಡೆ ತಪ್ಪದೆ ಲೆಕ್ಕ ಹಾಕುವ ಅಭ್ಯಾಸ ಎರಡು ಕಡೆಯೂ ಬೇಕಾಗಿತ್ತು.

ಯಾಕೆಂದರೆ ಈಗಿನ ಪ್ರಶ್ನೆ ಅಧಿಕಾರದ್ದಲ್ಲ, ವಾರಸಿನದು. ಅವರಿಗೆ ಪಟ್ಟಕ್ಕೆ ಬರುವ ಔರಸ ಪುತ್ರರಿರಲಿಲ್ಲ. ಶಾಸ್ತ್ರದ ಪ್ರಕಾರ ದತ್ತು ತೆಗೆದುಕೊಳ್ಳಲು ಬೇಕಾದ್ದು ಮಗು, ಮಗುವನ್ನು ಧಾರೆಯೆರೆದು ಕೊಡುವ ತಂದೆತಾಯಿ, ಹೋಮ. ಸಂಸ್ಥಾನದ ಅರಸನಿಗೆ ಇದು ಅರ್ಧ ಕೆಲಸ ಮಾತ್ರ. ಅಪ್ಪನ ಆಸ್ತಿ ಮಗನಿಗೆ ಹೋಗಲು ಶಾಸ್ತ್ರ ಸಾಕು, ರಾಜ್ಯ ಹೋಗಲು ಗವರ್ನರ್ ಜನರಲನ ಮನ್ನಣೆ ಬೇಕು. ಕೇಳಿದಾಗಲೆಲ್ಲ ಇಲ್ಲವೆಂಬ ಉತ್ತರ ಬಂತು. 1865ರ ಜೂನ್ 18ರಂದು ಮುಮ್ಮಡಿಯವರು ಮನ್ನಣೆಗೆ ಕಾಯದೆ ಬೆಟ್ಟದಕೋಟೆ ಮನೆತನದ ಎರಡೂವರೆ ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ವೈಸರಾಯ್ ಜಾನ್ ಲಾರೆನ್ಸ್ ಒಪ್ಪಲಿಲ್ಲ. ಮೈಸೂರಿನ ಪರವಾಗಿ ಲಂಡನ್ನಿನಲ್ಲಿ ಪ್ರಚಾರ ನಡೆಯಿತು, ಭಾರತದಲ್ಲಿ ಕೆಲಸ ಮಾಡಿ ನಿವೃತ್ತರಾದ ಅಧಿಕಾರಿಗಳಲ್ಲೇ ಕೆಲವರು ದನಿಗೂಡಿಸಿದರು. 1867ರ ಏಪ್ರಿಲ್‌ನಲ್ಲಿ ಭಾರತ ಮಂತ್ರಿ, ಅಂದರೆ ಭಾರತದ ಹೊಣೆ ಹೊತ್ತ ಲಂಡನ್ನಿನ ಸಚಿವ ಸ್ಟ್ಯಾಫರ್ಡ್ ನಾರ್ತ್‌ಕೋಟ್ ದತ್ತು ಒಪ್ಪಿ ಪತ್ರ ಬರೆದ. ಮುಮ್ಮಡಿಯವರು ತೀರಿಕೊಂಡದ್ದು 1868ರ ಮಾರ್ಚ್ 27ರಂದು. ವರ್ಷ ಮುಂಚೆ ಹೋಗಿದ್ದರೆ ಮೈಸೂರು ಇನ್ನೊಂದು ಜಿಲ್ಲೆಗಳ ಗುಂಪಾಗಿ ಬ್ರಿಟಿಷ್ ಇಂಡಿಯಾದಲ್ಲಿ ಕರಗಿ ಹೋಗುತ್ತಿತ್ತೆಂದೇ ನನ್ನ ಅಂದಾಜು. ಅವರನ್ನು ಅಸಮರ್ಥ ಅರಸರೆಂದು ಬರೆದವರು ಈ ಕೊನೆಯ ಎಂಟು ವರ್ಷವನ್ನು ಸರಿಯಾಗಿ ಓದಿಲ್ಲ.

ಆಮೇಲಿನದು ಅರಸುಮಗುವನ್ನು ತಯಾರು ಮಾಡುವ ಕೆಲಸ. ಚಾಮರಾಜೇಂದ್ರರಿಗೆ ಇಂಗ್ಲಿಷ್ ಸೈನ್ಯಾಧಿಕಾರಿಗಳು ಪೋಷಕರು, ಜೊತೆಗೆ ಅರಸು ಮನೆತನಗಳ ಹುಡುಗರು ಸಹಪಾಠಿಗಳು. ಹುಡುಗ ಓದುತ್ತಿರುವಾಗಲೇ 1876ರಿಂದ 78ರವರೆಗಿನ ಧಾತು ಈಶ್ವರ ಬರ ಬಂತು. ಮೈಸೂರು ಸೀಮೆ ತನ್ನ ಜನರಲ್ಲಿ ಸುಮಾರು ಐದರಲ್ಲಿ ಒಂದು ಪಾಲನ್ನು ಕಳೆದುಕೊಂಡಿತು. ಕಮಿಷನರುಗಳು ಕೂಡಿಸಿದ್ದ ಉಳಿತಾಯ ಕರಗಿ, ಭಾರತ ಸರ್ಕಾರಕ್ಕೆ ಕೊಡಬೇಕಾದ ಎಂಬತ್ತು ಲಕ್ಷದ ಸಾಲ ನಿಂತಿತು. ಈ ಸಾಲದ ಸಮೇತವೇ 1881ರ ಮಾರ್ಚ್ 25ರಂದು ಹದಿನೆಂಟು ವರ್ಷದ ಚಾಮರಾಜೇಂದ್ರರಿಗೆ ರಾಜ್ಯವನ್ನು ವಹಿಸಿಕೊಟ್ಟರು.

ವಹಿಸಿಕೊಟ್ಟ ಕಾಗದದ ಹೆಸರು ಹಸ್ತಾಂತರ ಪತ್ರ. ಒಪ್ಪಂದವಲ್ಲ. ಒಪ್ಪಂದವೆಂದರೆ ಇಬ್ಬರು ಮಾಡಿಕೊಳ್ಳುವುದು; ಇದು ಒಬ್ಬರು ಕೊಡುವುದು, ಇನ್ನೊಬ್ಬರು ಷರತ್ತಿಗೆ ಬದ್ಧರಾಗಿ ಪಡೆಯುವುದು. ಇಪ್ಪತ್ತಕ್ಕೂ ಹೆಚ್ಚು ಕಲಮುಗಳು. ಮುಂದೆ ಯಾರೇ ಪಟ್ಟಕ್ಕೆ ಬಂದರೂ ಗವರ್ನರ್ ಜನರಲನ ಮನ್ನಣೆಯಿಲ್ಲದೆ ಅದು ಸಿಂಧುವಲ್ಲ. ಹೊಸ ಕೋಟೆ ಕಟ್ಟುವಂತಿಲ್ಲ, ಹಳೆಯದನ್ನು ರಿಪೇರಿ ಮಾಡುವಂತಿಲ್ಲ. ಸೈನ್ಯ ಗೊತ್ತುಪಡಿಸಿದ ಸಂಖ್ಯೆಯನ್ನು ಮೀರಕೂಡದು. ನಿಂತುಹೋದ ಮೈಸೂರಿನ ಟಂಕಸಾಲೆಯನ್ನು ಮತ್ತೆ ತೆರೆಯಕೂಡದು. ಉಪ್ಪು, ಅಫೀಮಿನ ವಿಷಯದಲ್ಲಿ ಭಾರತ ಸರ್ಕಾರ ಹೇಳಿದಂತೆ. ತಂತಿಗೂ ರೈಲಿಗೂ ಬೇಕಾದ ನೆಲ ಬಿಟ್ಟುಕೊಡಬೇಕು, ರೈಲು ಹಳಿಯ ನೆಲದ ಮೇಲೆ ಅಧಿಕಾರವೂ ಅವರದೇ. ಇಷ್ಟರ ಮೇಲೆ ಬಹಳ ಮುಖ್ಯವಾದದ್ದು: ಅಂದು ಜಾರಿಯಲ್ಲಿದ್ದ ಕಾನೂನುಗಳನ್ನು, ಆಡಳಿತದ ಕ್ರಮವನ್ನು ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಮನೆ ನಿಮ್ಮದು, ಆದರೆ ಪೀಠೋಪಕರಣ ಕದಲಿಸಬೇಡಿ ಅನ್ನುವ ಮಾಲೀಕನ ಧೋರಣೆ.

ಪೊಗದಿ? ಅದು ಏಳು ಲಕ್ಷ ಪಗೋಡದಿಂದ 35 ಲಕ್ಷ ರೂಪಾಯಿಗೆ ಏರಿತು. ಹತ್ತೂವರೆ ಲಕ್ಷ ಹೆಚ್ಚು. ಬರದ ಹೊಡೆತ ನೋಡಿ ಹೆಚ್ಚುವರಿಯನ್ನು ಮೊದಲು ಐದು ವರ್ಷ, ಆಮೇಲೆ 1896ರವರೆಗೆ ಮುಂದಕ್ಕೆ ಹಾಕಿದರು. ರಾಜ್ಯದ ಅಂದಿನ ಹುಟ್ಟುವಳಿ ವರ್ಷಕ್ಕೆ ಸುಮಾರು ಒಂದು ಕೋಟಿ. ಹಳೆಯ ದರದಲ್ಲೇ ರೂಪಾಯಿಗೆ ನಾಲ್ಕಾಣೆ ಪೊಗದಿಗೆ ಹೋಗುತ್ತಿತ್ತು. 1896ರಿಂದ ಸುಮಾರು ಮೂವತ್ತೆರಡು ವರ್ಷ ಪೂರ್ತಿ 35 ಲಕ್ಷವನ್ನೂ ಕಟ್ಟಿದ್ದಾಯಿತು. ಹೋಲಿಕೆಗೆ ಒಂದು ಅಂಕಿ: 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಮರದ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ಕಟ್ಟಿದ ಈಗಿನ ಮೈಸೂರು ಅರಮನೆ 1912ರಲ್ಲಿ ಮುಗಿದಾಗ ಆದ ವೆಚ್ಚ ಸುಮಾರು ನಲವತ್ತೊಂದೂವರೆ ಲಕ್ಷ. ಅಂದರೆ ಹೆಚ್ಚುವರಿ ಹತ್ತೂವರೆ ಲಕ್ಷದ ನಾಲ್ಕು ವರ್ಷದ ಹಣಕ್ಕೆ ಒಂದು ಅರಮನೆ. ಮೂವತ್ತೆರಡು ವರ್ಷಕ್ಕೆ ಎಂಟು ಅರಮನೆ. ಅರಸರ ವೈಭವ ಕಂಡು ಹುಬ್ಬೇರಿಸುವವರು ಈ ಕಾಣದ ಎಂಟು ಅರಮನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಷ್ಟು ಬಿಗಿಯ ಪತ್ರದ ಕೆಳಗೆ ಕೆಲಸ ಹೇಗೆ ನಡೆಯಿತು ಎನ್ನುವುದೇ ಕುತೂಹಲದ ಭಾಗ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ಕ್ಕೆ, ದಸರಾ ಹೊತ್ತಿನಲ್ಲಿ, 144 ಜನ ರೈತರು ವರ್ತಕರನ್ನು ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆ ನಡೆಸಿದರು. ಕಾನೂನು ಮಾಡಲಿಲ್ಲ, ಸರ್ಕಾರಿ ಆಜ್ಞೆ ಒಂದನ್ನೇ ಹೊರಡಿಸಿದರು. ಜನ ಹೇಗೂ ದಸರಾಕ್ಕೆ ಬರುತ್ತಾರೆ, ಅರಸರು ಹೇಗೂ ದರ್ಬಾರು ನಡೆಸುತ್ತಾರೆ, ಬಂದವರಿಗೆ ದಿವಾನರು ವರ್ಷದ ಲೆಕ್ಕ ಓದಿ ಹೇಳಿದರೆ ಯಾವ ಕಲಮು ಮುರಿಯುತ್ತದೆ? ಆ ಸಭೆಗೆ ಕಾನೂನಿನ ಚೌಕಟ್ಟು ಸಿಕ್ಕಿದ್ದು 1923ರಲ್ಲಿ. ನಲವತ್ತೆರಡು ವರ್ಷ ಅದು ಪದ್ಧತಿಯ ಬಲದ ಮೇಲೆಯೇ ನಡೆಯಿತು. ಸಂಸ್ಥಾನದ ಆಡಳಿತದ ಜಾಣ್ಮೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬರೆದ ಕಲಮುಗಳಿಗಿಂತ ಬರೆಯದವು ಕೆಲವೊಮ್ಮೆ ಹೆಚ್ಚು ಬಿಗಿ. ವೈಸರಾಯ್‌ಗೂ ಅರಸರಿಗೂ ನಡೆಯುವ ಪತ್ರ ಖರೀತ. ಜರತಾರಿ ರೇಷ್ಮೆ ಚೀಲದೊಳಗೆ, ಮೊಹರಿನೊಡನೆ ಬರುತ್ತಿತ್ತು. ನೋಡಲು ಸರಿಸಮಾನರ ಪತ್ರ. ಆದರೆ ದಿನನಿತ್ಯದ ವ್ಯವಹಾರವೆಲ್ಲ ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟನ ಬಂಗಲೆ, ಬೆಂಗಳೂರಿನ ರೆಸಿಡೆನ್ಸಿಯ ಮೂಲಕ. ಆ ಬಂಗಲೆಯೇ ಇಂದಿನ ರಾಜಭವನ. ಅರಸರು ಮೈಸೂರಿನಲ್ಲಿ, ದಿವಾನರ ಕಚೇರಿ ಬೆಂಗಳೂರಿನಲ್ಲಿ, ರೆಸಿಡೆಂಟನೂ ಬೆಂಗಳೂರಿನಲ್ಲಿ. ಜಾಣ ದಿವಾನ ರೆಸಿಡೆಂಟನ ಮನಸ್ಸನ್ನು ಮೊದಲೇ ಬಾಯಿಮಾತಿನಲ್ಲಿ ತಿಳಿದುಕೊಂಡು ಆಮೇಲೆ ಕಾಗದ ಹೊರಡಿಸುತ್ತಾನೆ. ಬರೆದು ಕೇಳಿ, ಬರವಣಿಗೆಯಲ್ಲಿ ‘ಸಾಧ್ಯವಿಲ್ಲ’ ಎನ್ನಿಸಿಕೊಂಡರೆ ಆ ಕಡತ ಮತ್ತೆ ಏಳುವುದು ಕಷ್ಟ. ತೋಪಿನ ಸಂಖ್ಯೆಯೂ ಹೀಗೇ. ಮೈಸೂರಿಗೆ ಇಪ್ಪತ್ತೊಂದು, ಹೈದರಾಬಾದು, ಬರೋಡಾ, ಗ್ವಾಲಿಯರ್, ಕಾಶ್ಮೀರಗಳ ಸಾಲು. ಇಂಗ್ಲೆಂಡಿಗೆ ಹೋಗಬೇಕಾದರೆ ಅನುಮತಿ ಬೇಕೆಂದು ಕರ್ಜನ್ 1900ರಲ್ಲಿ ಸುತ್ತೋಲೆಯನ್ನೇ ಹೊರಡಿಸಿದ.

ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ತೀರಿಕೊಂಡದ್ದು 1894ರ ಡಿಸೆಂಬರ್ 28ಕ್ಕೆ, ಮೂವತ್ತೊಂದನೆಯ ವಯಸ್ಸಿನಲ್ಲಿ. ಹತ್ತು ವರ್ಷದ ಮಗ ನಾಲ್ವಡಿ ಕೃಷ್ಣರಾಜರು ಪಟ್ಟಕ್ಕೆ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿ. 1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ ಕರ್ಜನನೇ ಬಂದು ನಾಲ್ವಡಿಯವರಿಗೆ ಅಧಿಕಾರ ವಹಿಸಿದ. ಮಾತು ಕಡಿಮೆ, ಕಾಗದ ಹೆಚ್ಚು ಎನ್ನುವ ಸ್ವಭಾವದ ಈ ಅರಸರು ಹಸ್ತಾಂತರ ಪತ್ರ ಬೇಡ, ಒಪ್ಪಂದ ಬೇಕು ಎಂಬುದನ್ನು ಹಿಡಿದು ಕೂತರು. 1913ರ ನವೆಂಬರಿನಲ್ಲಿ, ಹಾರ್ಡಿಂಜ್ ವೈಸರಾಯ್ ಆಗಿದ್ದಾಗ, ಅದು ಸಿಕ್ಕಿತು. ಕಲಮುಗಳಲ್ಲಿ ಆದ ಬದಲಾವಣೆ ಸ್ವಲ್ಪವೇ. ಆದರೆ ‘ಕೊಟ್ಟದ್ದು’ ಹೋಗಿ ‘ಮಾಡಿಕೊಂಡದ್ದು’ ಬಂತು. ಕಾನೂನು ಬಲ್ಲವರಿಗೆ ಇದು ಬರೀ ಶಬ್ದವಲ್ಲ.

ಇನ್ನು ನೀರು. ನನ್ನ ಮಟ್ಟಿಗೆ ಮೈಸೂರು ಅರಸರ ಅಧಿಕಾರದ ನಿಜವಾದ ಅಳತೆಗೋಲು ಕಾವೇರಿಯ ಕನ್ನಂಬಾಡಿ ಕಟ್ಟೆ (ಕೃಷ್ಣರಾಜಸಾಗರ). 1892ರ ಫೆಬ್ರವರಿ 18ರ ಕರಾರಿನ ಪ್ರಕಾರ ಪಟ್ಟಿಯಲ್ಲಿದ್ದ ನದಿಗಳಿಗೆ ಹೊಸ ನೀರಾವರಿ ಕಟ್ಟೆ ಕಟ್ಟುವ ಮುಂಚೆ ಮೈಸೂರು ಮದರಾಸು ಸರ್ಕಾರಕ್ಕೆ ಪೂರ್ತಿ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು. ತನ್ನ ನೆಲದಲ್ಲಿ ಹರಿಯುವ ಹೊಳೆಗೆ ಅಡ್ಡ ಕಲ್ಲಿಡಲು ಪಕ್ಕದ ಪ್ರಾಂತದ ರುಜು. ಮದರಾಸಿಗೆ ಮೆಟ್ಟೂರಿನಲ್ಲಿ ತನ್ನದೇ ಕಟ್ಟೆಯ ಯೋಚನೆ ಇತ್ತು, ಹೀಗಾಗಿ ಒಪ್ಪಿಗೆ ಸುಲಭವಾಗಿ ಬರುವಂತಿರಲಿಲ್ಲ. 1911ರಲ್ಲಿ ಚೀಫ್ ಎಂಜಿನಿಯರ್ ವಿಶ್ವೇಶ್ವರಯ್ಯನವರ ಯೋಜನೆಗೆ ನಾಲ್ವಡಿಯವರು ಮಂಜೂರಾತಿ ಕೊಟ್ಟಾಗ ಮದರಾಸು ಸಮ್ಮತಿಸಿದ್ದು ಹನ್ನೊಂದು ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ನಿಲ್ಲಿಸುವ ಚಿಕ್ಕ ಕಟ್ಟೆಗೆ. ಮೈಸೂರು ಕಟ್ಟತೊಡಗಿದ್ದು ಚಿಕ್ಕ ಕಟ್ಟೆಯನ್ನೇ, ಅಡಿಪಾಯವನ್ನು ಮಾತ್ರ 124 ಅಡಿಯ ದೊಡ್ಡ ಕಟ್ಟೆಗೆ ಬೇಕಾದಷ್ಟು ಅಗಲ ಹಾಕಿತು. ಕಟ್ಟೆಯನ್ನು ಆಮೇಲೆ ಎತ್ತರಿಸಬಹುದು, ಬುಡವನ್ನು ಅಗಲಿಸುವುದು ಆಗದ ಕೆಲಸ ಎಂಬುದು ಎಂಜಿನಿಯರರಿಗೆ ಗೊತ್ತಿತ್ತು. ಮದರಾಸಿಗೂ ಗೊತ್ತಾಗದೆ ಇರಲಿಲ್ಲ, ಆಕ್ಷೇಪ ಎದ್ದಿತು.

ವ್ಯಾಜ್ಯ ಗ್ರಿಫಿನ್ ಎಂಬ ಮಧ್ಯಸ್ಥನ ಮುಂದೆ ಹೋಯಿತು. 1914ರಲ್ಲಿ ತೀರ್ಪು ಬಂತು, ಬಹುಪಾಲು ಮೈಸೂರಿನ ಪರ. 1916ರಲ್ಲಿ ಭಾರತ ಸರ್ಕಾರ ಅದನ್ನು ಒಪ್ಪಿತು. ಮದರಾಸು ಲಂಡನ್ನಿಗೆ ಹೋಯಿತು, ಭಾರತ ಮಂತ್ರಿ ತೀರ್ಪನ್ನು ತಡೆಹಿಡಿದ. ಮತ್ತೆ ಮಾತುಕತೆ, ಮತ್ತೆ ನೀರಿನ ಅಳತೆಯ ಕೋಷ್ಟಕಗಳು. ಕೊನೆಗೆ 1924ರ ಫೆಬ್ರವರಿ 18ರಂದು, ಮೊದಲ ಕರಾರಾದ ಸರಿಯಾಗಿ ಮೂವತ್ತೆರಡು ವರ್ಷಕ್ಕೆ, 44.827 ಟಿಎಂಸಿಯ ಜಲಾಶಯಕ್ಕೆ ಒಪ್ಪಂದ ಆಯಿತು. ಕಟ್ಟೆಯ ಕೆಲಸ ಅಷ್ಟೂ ವರ್ಷ ನಿಲ್ಲಲಿಲ್ಲ. ಇಪ್ಪತ್ತೊಂದು ತೋಪಿನ ಮಹಾರಾಜರು ಒಂದು ಕಟ್ಟೆಗೆ ಹದಿಮೂರು ವರ್ಷ ಅಡಿ, ಟಿಎಂಸಿ ಎಂದು ಚೌಕಾಸಿ ಮಾಡಬೇಕಾಯಿತು. ಆ ಕರಾರಿನ ಕಾವು ಇಂದಿಗೂ ಎರಡು ರಾಜ್ಯಗಳಿಗೆ ತಟ್ಟುತ್ತಿರುವುದು ಎಲ್ಲರಿಗೂ ಗೊತ್ತಿರುವ ವಿಷಯ.

ಸೈನ್ಯದ ಬಗ್ಗೆ ಎರಡೇ ಮಾತು. ತನ್ನ ರಾಜ್ಯದಲ್ಲಿ ಹೊಸ ಕೋಟೆ ಕಟ್ಟಲಾಗದ ಅರಸರ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಊರನ್ನು ಗೆಲ್ಲಲು ಜೋಧಪುರದವರ ಜೊತೆ ಹೋರಾಡಿತು. ಸಾಮ್ರಾಜ್ಯಕ್ಕೆ ಬೇಕಾದಾಗ ಸಂಖ್ಯೆಯ ಮಿತಿ ಅಡ್ಡ ಬರುತ್ತಿರಲಿಲ್ಲ.

ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ, 1927ರಲ್ಲಿ, ವೈಸರಾಯ್ ಇರ್ವಿನ್ ಆ ಹೆಚ್ಚುವರಿ ಹತ್ತೂವರೆ ಲಕ್ಷವನ್ನು ಮುಂದಿನ ವರ್ಷದಿಂದ ಮನ್ನಾ ಮಾಡುವುದಾಗಿ ಘೋಷಿಸಿದ. ಮೈಸೂರಿನವರು ಹಬ್ಬ ಮಾಡಿದರು. ಪೊಗದಿ ಮತ್ತೆ 24,50,000ಕ್ಕೆ ಬಂತು, 1799ರಲ್ಲಿ ಎಲ್ಲಿತ್ತೋ ಅಲ್ಲಿಗೇ. ಈಗ ಅದು ಮರಾಠರನ್ನು ತಡೆಯಲಿಕ್ಕಲ್ಲ. ಅವರು ಯಾರೂ ಉಳಿದಿರಲಿಲ್ಲ, ಅವರಿಂದ ಕಾಯುವ ಕೂಲಿ ಮಾತ್ರ ಉಳಿದಿತ್ತು.

ನಾಲ್ವಡಿಯವರು ಯೂರೋಪು ನೋಡಿದ್ದು 1936ರಲ್ಲಿ, ತೀರಿಕೊಂಡದ್ದು 1940ರ ಆಗಸ್ಟ್ 3ರಂದು. ಜಯಚಾಮರಾಜೇಂದ್ರ ಒಡೆಯರ ಪಾಲಿಗೆ ಬಂದದ್ದು ಲೆಕ್ಕ ಚುಕ್ತಾ ಮಾಡುವ ಕೆಲಸ. 1881ರಲ್ಲಿ ರಾಜ್ಯ ಮರಳಿಸುವಾಗ ಬ್ರಿಟಿಷರು ಶ್ರೀರಂಗಪಟ್ಟಣವನ್ನು ಬಿಟ್ಟುಕೊಟ್ಟು, ಅದರ ಬದಲು ಬೆಂಗಳೂರು ದಂಡನ್ನು (ಕಂಟೋನ್ಮೆಂಟನ್ನು) ಇಟ್ಟುಕೊಂಡಿದ್ದರು. ಕಬ್ಬನ್ ಪಾರ್ಕಿನ ಈಚೆ ಮಹಾರಾಜರ ಪೇಟೆ, ಆಚೆ ರೆಸಿಡೆಂಟನ ದಂಡು: ಬೇರೆ ಪೊಲೀಸು, ಬೇರೆ ಕೋರ್ಟು, ಬೇರೆ ಮುನಿಸಿಪಾಲಿಟಿ. ಮೈಸೂರಿನ ಅರಸರು ತಮ್ಮದೇ ದೊಡ್ಡ ಊರಿನ ಅರ್ಧಕ್ಕೆ ಅರವತ್ತಾರು ವರ್ಷ ಪರರಾಗಿದ್ದರು. ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಮರಳಿಸಿದವರೇ ಹೊರಟರು. ಅಕ್ಟೋಬರ್ ಮುಗಿಯುವ ಮುಂಚೆ ‘ಮೈಸೂರು ಚಲೋ’ ಎಂದು ಬೀದಿಗಿಳಿದಿದ್ದ ಜನರ ಕೈಗೆ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲಕ್ಕೆ, ಮಹಾರಾಜರು ಆಡಳಿತ ವಹಿಸಿದರು.